ಇಲಿಯ ಬಾಗಿಲು, ಮನುಷ್ಯನ ಬಾಗಿಲು

ಗಡಿನಾಡಿನ ಮಕ್ಕಳಿಗೆ ಯಾರೂ ಕಲಿಸದೆಯೇ ತಿಳಿದಿರುವ ಸಂಗತಿಯೊಂದುಂಟು. ಒಂದೇ ಶಬ್ದ ಎರಡು ಮನೆಗಳಲ್ಲಿ ಎರಡು ಅರ್ಥ ಕೊಡಬಲ್ಲದು. ಉಮರ್ಗಾದ ಕನ್ನಡ ಶಾಲೆಯ ಹುಡುಗಿ ಹಿಂದಿ ಪಾಠದಲ್ಲಿ 'ಶಿಕ್ಷಾ' ಎಂದು ಓದಿದರೆ ಅದು ವಿದ್ಯೆ. ಅದೇ ಶಬ್ದ ಪೇಟೆಯ ಮರಾಠಿಯಲ್ಲಿ ಕಿವಿಗೆ ಬಿದ್ದರೆ ದಂಡನೆ. ಮನೆಯ ಕನ್ನಡದಲ್ಲಿಯೂ ಶಿಕ್ಷೆಯೆಂದರೆ ದಂಡನೆಯೇ. ಹಿಂದಿಯ 'ಅವಸರ' ಒದಗಿಬಂದ ಸಂದರ್ಭ. ಕನ್ನಡದ ಅವಸರ ತರಾತುರಿ. ಹಿಂದಿಯಲ್ಲಿ 'ಉಪನ್ಯಾಸ' ಎಂದರೆ ಕಥೆಯ ಪುಸ್ತಕ; ಕನ್ನಡದಲ್ಲಿ ಅದು ಭಾಷಣ. ಆ ಕಥೆಯ ಪುಸ್ತಕಕ್ಕೆ ಕನ್ನಡವೂ ಮರಾಠಿಯೂ ಕೂಡಿ 'ಕಾದಂಬರಿ' ಎನ್ನುತ್ತವೆ. ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಶಬ್ದಗಳ ಹೊರರೂಪ ನೋಡಿ ಹೇಳಲಾಗದು. ಯಾರ ಮನೆಯಲ್ಲಿ ನಿಂತು ಕೇಳುತ್ತಿದ್ದೇವೆ ಎಂಬುದು ಗೊತ್ತಿರಬೇಕು.

ನಿಲಂಗಾ, ಉದಗೀರ ಮತ್ತು ಅಹಮದಪುರ ತಾಲ್ಲೂಕುಗಳು 1956ರ ಅಕ್ಟೋಬರ್ ಕೊನೆಯವರೆಗೆ ಬೀದರ ಜಿಲ್ಲೆಗೆ ಸೇರಿದ್ದವು. ರಾಜ್ಯ ಪುನರ್ವಿಂಗಡಣಾ ಕಾಯಿದೆಯ ಒಂದು ಉಪವಾಕ್ಯದಿಂದ ಅವು ಮುಂಬಯಿ ರಾಜ್ಯಕ್ಕೆ ಹೋದವು. ನೆಲ ಅದೇ, ಬಿಳಿಜೋಳ ಅದೇ, ದೇವಣಿ ಎತ್ತು ಅದೇ. ಆದರೆ ಅರ್ಜಿ ಬರೆಯುವ ಭಾಷೆ ಬೇರೆಯಾಯಿತು. ಇಂಥ ನೆಲದಲ್ಲಿ ಬೆಳೆದವರಿಗೆ 'ಹೋಲುತ್ತದೆ' ಎಂಬ ಮಾತಿಗೂ 'ಅದೇ' ಎಂಬ ಮಾತಿಗೂ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಂತರದ ಮೇಲೆಯೇ ಇಂದಿನ ಜೀವವಿಜ್ಞಾನದ ಒಂದು ದೊಡ್ಡ ಕೆಲಸ ನಿಂತಿದೆ. ಇಲಿಯ ಜೀವಕೋಶದ ಮೇಲಿರುವ ಕೆಲವು ಪ್ರೋಟೀನುಗಳನ್ನು ಇಲಿಯನ್ನು ಮುಟ್ಟದೆಯೇ ಪ್ರಯೋಗಾಲಯಗಳಲ್ಲಿ ತಯಾರಿಸುತ್ತಾರೆ. ಚಿಕ್ಕ ಸೀಸೆಗಳಲ್ಲಿ ತುಂಬಿ, 'ಇದು ಇಲಿಯದು' ಎಂದು ಚೀಟಿ ಅಂಟಿಸಿ, ಸಂಶೋಧಕರಿಗೆ ಮಾರುತ್ತಾರೆ. ಚೀಟಿಯ ಮೇಲಿನ ಆ ಒಂದು ಶಬ್ದ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಅರಿಯುವುದು ವಿಜ್ಞಾನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಿದ ಪ್ರತಿಯೊಂದು ಮನೆಗೂ ಅದು ಸಂಬಂಧಿಸಿದೆ.

ಈ ಭಾಗದ ರೋಗಿಗಳು ಸೊಲ್ಲಾಪುರ, ಲಾತೂರು, ಕಲಬುರಗಿ, ಹೈದರಾಬಾದುಗಳಿಗೆ ಅಲೆಯುತ್ತಾರೆ. ಕ್ಯಾನ್ಸರ್ ಎಂದಾದರೆ ಬಾರ್ಶಿಗೂ ಹೋಗುತ್ತಾರೆ. ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಆರಂಭವಾದದ್ದು ಅದೇ ಬಾರ್ಶಿಯಲ್ಲಿ. ಸ್ತನ ಕ್ಯಾನ್ಸರಿನ ಗಡ್ಡೆಯಿಂದ ತೆಗೆದ ಚೂರಿನ ಪರೀಕ್ಷೆಯಾದ ಮೇಲೆ ಕೈಗೆ ಬರುವ ಇಂಗ್ಲಿಷ್ ವರದಿಯಲ್ಲಿ ಇಆರ್, ಪಿಆರ್, ಎಚ್‌ಇಆರ್2 ಎಂಬ ಮೂರು ಸಂಕೇತಗಳಿರುತ್ತವೆ. ಪ್ರತಿಯೊಂದರ ಮುಂದೆ 'ಇದೆ' ಅಥವಾ 'ಇಲ್ಲ' ಎಂಬ ಗುರುತು. ಮುಂದಿನ ಚಿಕಿತ್ಸೆ, ಅದರ ಖರ್ಚು, ಹೊಲ ಮಾರಬೇಕೇ ಬೇಡವೇ ಎಂಬ ಮನೆಯ ಚಿಂತೆ, ಎಲ್ಲವೂ ಆ ಮೂರು ಗುರುತುಗಳ ಹಿಂದೆ ನಡೆಯುತ್ತವೆ. ಮೂರರಲ್ಲಿಯೂ ಬರುವ 'ಆರ್' ಎಂಬ ಅಕ್ಷರ ರಿಸೆಪ್ಟರ್ ಎಂಬ ಶಬ್ದದ್ದು. ಎಚ್‌ಇಆರ್2ರ ಮೊದಲಿನ 'ಎಚ್' ಹ್ಯೂಮನ್ ಎಂಬುದರದು, ಅಂದರೆ ಮನುಷ್ಯನದು. ಯಾರ ಗ್ರಾಹಿ ಎಂಬುದನ್ನು ಹೆಸರಿನ ಮೊದಲ ಅಕ್ಷರದಲ್ಲಿಯೇ ಹೇಳಿ ಮುಂದುವರಿಯುವುದು ಈ ಶಾಸ್ತ್ರದ ಶಿಸ್ತು.

ರಿಸೆಪ್ಟರ್ ಶಬ್ದಕ್ಕೆ ಕನ್ನಡದಲ್ಲಿ ಗ್ರಾಹಕ ಎಂದೂ ಗ್ರಾಹಿ ಎಂದೂ ಬರೆಯುವುದುಂಟು. ಗ್ರಾಹಕ ಎಂದೊಡನೆ ಅಂಗಡಿಗೆ ಬಂದ ಗಿರಾಕಿ ಕಣ್ಣಮುಂದೆ ನಿಲ್ಲುತ್ತಾನೆ, ಮರಾಠಿಯಲ್ಲಿಯೂ ಹಾಗೆಯೇ. ಆದ್ದರಿಂದ ಗ್ರಾಹಿ ಎಂಬುದೇ ಲೇಸು. ಗ್ರಹಿಸುವುದೆಂದರೆ ಹಿಡಿಯುವುದೂ ಹೌದು, ಅರಿಯುವುದೂ ಹೌದು. ಆ ಪ್ರೋಟೀನು ಮಾಡುವ ಕೆಲಸವೂ ಇವೆರಡೇ. ಜೀವಕೋಶದ ಸುತ್ತ ಜಿಡ್ಡಿನ ತೆಳುಪೊರೆಯೊಂದಿದೆ. ರಕ್ತದಲ್ಲಿ ತೇಲಿಬರುವ ಅನೇಕ ಸಂದೇಶಗಳಿಗೆ ಆ ಪೊರೆಯನ್ನು ದಾಟಿ ಒಳಹೋಗಲಾಗದು. ಪೊರೆಯಲ್ಲಿ ನಾಟಿಕೊಂಡಿರುವ ಗ್ರಾಹಿಯ ಒಂದು ತುದಿ ಹೊರಗೆ, ಇನ್ನೊಂದು ತುದಿ ಒಳಗೆ. ಹೊರಗಿನ ತುದಿಯ ಆಕಾರಕ್ಕೆ ಸರಿಯಾಗಿ ಕೂಡುವ ಸಂದೇಶ ಬಂದು ತಗಲಿದಾಗ ಗ್ರಾಹಿಯ ಮೈ ಸ್ವಲ್ಪ ತಿರುಗುತ್ತದೆ. ಒಳಗಿನ ತುದಿ ಆ ಸುದ್ದಿಯನ್ನು ಕೋಶದ ಒಳಕ್ಕೆ ಮುಟ್ಟಿಸುತ್ತದೆ. ಬಾಗಿಲು ತೆರೆಯದೆ, ಬಾಗಿಲಲ್ಲಿಯೇ ನಿಂತು ಸುದ್ದಿ ತಿಳಿಸಿ ಹೋದಂತೆ. ಇಆರ್, ಪಿಆರ್‌ಗಳಂಥ ಕೆಲವು ಗ್ರಾಹಿಗಳು ಕೋಶದ ಒಳಗೇ ಇರುತ್ತವೆ. ಎಚ್‌ಇಆರ್2 ಪೊರೆಯ ಮೇಲಿನದು. ಜೀವಕೋಶದಲ್ಲಿ ಇಂಥ 'ಸ್ವೀಕರಿಸುವ ವಸ್ತು'ವೊಂದು ಇರಲೇಬೇಕೆಂದು ಕೇಂಬ್ರಿಜ್‌ನ ಜಾನ್ ನ್ಯೂಪೋರ್ಟ್ ಲ್ಯಾಂಗ್ಲಿ 1905ರಲ್ಲಿ ಬರೆದರು. ಅದನ್ನು ಕೈಯಲ್ಲಿ ಹಿಡಿದು ನೋಡಲು ಮತ್ತೆ ಹಲವು ದಶಕಗಳು ಬೇಕಾದವು.

ಆ ದಶಕಗಳಲ್ಲಿ ಇಲಿ ಮಾಡಿದ ಉಪಕಾರ ದೊಡ್ಡದು. ರೈತನ ಮನೆಯಲ್ಲಿ ಇಲಿಗೆ ಒಳ್ಳೆಯ ಹೆಸರಿಲ್ಲ. ತೊಗರಿಯ ಚೀಲ ಕಡಿಯುವುದು ಅದು, ಜೋಳದ ಹಗೇವಿಗೆ ನುಗ್ಗುವುದು ಅದು. ಭಾದ್ರಪದದ ಚೌತಿಯಂದು ಮಾತ್ರ ಗಣಪತಿಯ ಪಾದದ ಬಳಿ ಅದಕ್ಕೊಂದು ಸ್ಥಾನ. ಕನ್ನಡದ 'ಇಲಿ' ಶಬ್ದ ಚಿಕ್ಕದಕ್ಕೂ ಸಲ್ಲುತ್ತದೆ, ದೊಡ್ಡದಕ್ಕೂ ಸಲ್ಲುತ್ತದೆ. ಪ್ರಯೋಗಾಲಯದಲ್ಲಿ ಅವೆರಡು ಬೇರೆಬೇರೆ ಪ್ರಾಣಿಗಳು; ಅವುಗಳ ಗ್ರಾಹಿಗಳೂ ಬೇರೆ. ಇಲ್ಲಿ ಹೇಳುತ್ತಿರುವುದು ಚಿಕ್ಕ ಮನೆಯಿಲಿಯ ಮಾತು. ಅದರ ಶಾಸ್ತ್ರೀಯ ಹೆಸರಿನ ಮೊದಲ ಶಬ್ದ 'ಮಸ್' ಎಂಬ ಲ್ಯಾಟಿನ್ ಪದ. ಸಂಸ್ಕೃತದ ಮೂಷಕಕ್ಕೆ ಅದು ದಾಯಾದಿ.

ಅಮೆರಿಕದ ಮೇನ್ ಪ್ರಾಂತದ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ತಾನಾಗಿ ವಿಪರೀತ ದಪ್ಪಗಾದ ಇಲಿಯೊಂದು ಕಣ್ಣಿಗೆ ಬಿತ್ತು. ಸುಮಾರು ಹದಿನೈದು ವರ್ಷಗಳ ಮೇಲೆ ಅಲ್ಲಿಯೇ ಮತ್ತೊಂದು ಬಗೆಯ ದಪ್ಪ ಇಲಿ ದೊರೆಯಿತು. ಅದಕ್ಕೆ ಸಕ್ಕರೆ ಕಾಯಿಲೆಯೂ ಇತ್ತು. ನೋಡಲು ಎರಡೂ ಒಂದೇ: ಎರಡೂ ಬಿಡದೆ ತಿನ್ನುತ್ತಿದ್ದವು, ಎರಡೂ ಊದಿಕೊಂಡಿದ್ದವು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಈ ಎರಡು ಬಗೆಯ ಇಲಿಗಳ ಮೈಗಳನ್ನು ಹೊಲಿಗೆ ಹಾಕಿ ಜೋಡಿಸಿ, ಒಂದರ ರಕ್ತ ಇನ್ನೊಂದರಲ್ಲಿ ಹರಿಯುವಂತೆ ಮಾಡಿದರು. ಆಗ ಮೊದಲ ಬಗೆಯ ಇಲಿ ತಿನ್ನುವುದನ್ನು ಬಿಟ್ಟು ಸೊರಗಿತು. ಎರಡನೆಯ ಬಗೆಯದು ಎಂದಿನಂತೆ ತಿನ್ನುತ್ತಲೇ ಇತ್ತು. ಕೋಲ್ಮನ್ ಕಂಡುಕೊಂಡ ಅರ್ಥ ಹೀಗಿತ್ತು: 'ಸಾಕು' ಎಂದು ಹೇಳುವ ಸಂದೇಶವೊಂದು ರಕ್ತದಲ್ಲಿದೆ. ಮೊದಲನೆಯದಕ್ಕೆ ಆ ಸಂದೇಶವನ್ನು ಬರೆಯಲು ಬಾರದು, ಆದರೆ ಬಂದದ್ದನ್ನು ಓದಬಲ್ಲದು. ಎರಡನೆಯದು ಹೇರಳವಾಗಿ ಬರೆಯುತ್ತದೆ, ಆದರೆ ಓದಲಾರದು.

1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಆ ಸಂದೇಶದ ಜೀನನ್ನು ಕಂಡುಹಿಡಿಯಿತು. ಕೊಬ್ಬಿನ ಅಂಗಾಂಶದಲ್ಲಿ ತಯಾರಾಗುವ ಆ ಹಾರ್ಮೋನಿಗೆ ಲೆಪ್ಟಿನ್ ಎಂದು ಹೆಸರಾಯಿತು. ಮರುವರ್ಷವೇ ಇಲಿಯ ಮಿದುಳಿನ ಅಂಗಾಂಶದಿಂದ ಲೆಪ್ಟಿನಿನ ಗ್ರಾಹಿ ದೊರೆಯಿತು. ಎರಡನೆಯ ಇಲಿಯಲ್ಲಿ ಕೆಟ್ಟಿದ್ದುದು ಆ ಗ್ರಾಹಿಯೇ. ಎರಡು ರೋಗಿಗಳು ನೋಡಲು ಒಂದೇ ಆಗಿದ್ದರೂ ಕೊರತೆ ಬೇರೆಬೇರೆ ಕಡೆ ಇರಬಹುದೆಂಬ ಪಾಠ ವೈದ್ಯಶಾಸ್ತ್ರಕ್ಕೆ ಸಿಕ್ಕಿತು.

ಈ ಕಥೆಗೆ ಸುಲಭವಾದ ಮುಕ್ತಾಯ ಸಿಗಲಿಲ್ಲ. ಲೆಪ್ಟಿನ್ ಚುಚ್ಚಿದರೆ ಮೊದಲ ಬಗೆಯ ಇಲಿ ತೆಳ್ಳಗಾಗುತ್ತದೆ ಎಂಬ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಹರಡಿತು. ಬೊಜ್ಜಿಗೆ ಮದ್ದು ಸಿಕ್ಕಿತೆಂದು ಜನ ನಂಬಿದರು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಕೆಲವೇ ಮಕ್ಕಳಿಗೆ ಅದು ನಿಜವಾಗಿಯೂ ಸಂಜೀವಿನಿಯಾಯಿತು. 1999ರಲ್ಲಿ ಅಂಥ ಮಗುವೊಂದರ ಚಿಕಿತ್ಸೆಯ ಫಲ ಪ್ರಕಟವಾಯಿತು. ಆದರೆ ದಪ್ಪಗಿರುವ ಸಾಮಾನ್ಯ ಜನರ ರಕ್ತದಲ್ಲಿ ಲೆಪ್ಟಿನಿಗೆ ಕೊರತೆಯಿರಲಿಲ್ಲ; ಹೆಚ್ಚೇ ಇತ್ತು. ಅವರ ತೊಡಕು ಮೊದಲ ಇಲಿಯ ತೊಡಕಾಗಿರಲಿಲ್ಲ. ಔಷಧ ಸುಳ್ಳಾಗಿರಲಿಲ್ಲ, ಅದು ಯಾರಿಗೆ ಎಂಬುದನ್ನು ಓದಿದವರು ಕೇಳಿರಲಿಲ್ಲ.

ಇಂಥ ಗ್ರಾಹಿಗಳನ್ನು ಬಿಡಿಯಾಗಿ ಪರೀಕ್ಷಿಸಬೇಕಾದರೆ ಅವು ಶುದ್ಧರೂಪದಲ್ಲಿ ಬೇಕು. ಇಲಿಯ ಅಂಗಾಂಶದಿಂದ ತೆಗೆಯಲು ಹೋದರೆ ಎಷ್ಟೋ ಇಲಿಗಳನ್ನು ಕೊಂದರೂ ದೊರೆಯುವುದು ಲವಲೇಶ. 1973ರಲ್ಲಿ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬೋಯರ್ ಒಂದು ಜೀವಿಯ ಡಿಎನ್‌ಎ ತುಂಡನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿ ಬೆಳೆಸುವ ದಾರಿ ತೋರಿಸಿದ ಮೇಲೆ ಬೇರೊಂದು ಉಪಾಯ ಸಾಧ್ಯವಾಯಿತು. ಹೀಗೆ ಜೋಡಿಸಿದ ಜೀನಿನಿಂದ ಹುಟ್ಟಿದ ಪ್ರೋಟೀನಿಗೆ ಮರುಸಂಯೋಜಿತ ಪ್ರೋಟೀನು ಎಂದು ಹೆಸರು. 1982ರಲ್ಲಿ ಮಾರುಕಟ್ಟೆಗೆ ಬಂದ ಮಾನವ ಇನ್ಸುಲಿನ್ ಈ ಬಗೆಯ ಮೊದಲ ಔಷಧ. ಅದಕ್ಕೆ ಮೊದಲು ಇನ್ಸುಲಿನನ್ನು ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯಲಾಗುತ್ತಿತ್ತು.

ಉಮರ್ಗಾದ ಹೆದ್ದಾರಿ ಪೂರ್ವಕ್ಕೆ ಹಿಡಿದು ಹೋದರೆ ಮುಟ್ಟುವ ಹೈದರಾಬಾದಿನಲ್ಲಿಯೇ ಭಾರತದ ಮೊದಲ ಮರುಸಂಯೋಜಿತ ಲಸಿಕೆ ತಯಾರಾಯಿತು. ಕೆ. ಐ. ವರಪ್ರಸಾದ ರೆಡ್ಡಿಯವರು ಸ್ಥಾಪಿಸಿದ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್-ಬಿ ಕಾಮಾಲೆಗೆ ಆ ಲಸಿಕೆಯನ್ನು ಹೊರತಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಮಾನವ ಇನ್ಸುಲಿನನ್ನು ತಯಾರಿಸಿತು. ಎರಡೂ ಕಡೆ ಜೀನಿಗೆ ಆಶ್ರಯ ಕೊಟ್ಟದ್ದು ಪಿಚಿಯ ಎಂಬ ಜಾತಿಯ ಯೀಸ್ಟು.

ಇಲಿಯ ಗ್ರಾಹಿಯನ್ನು ಮಾಡುವ ಕ್ರಮವೂ ಇದೇ ದಾರಿಯದು, ಆದರೆ ಹೆಚ್ಚು ನಾಜೂಕಿನದು. ಗ್ರಾಹಿಯ ನಡುಭಾಗ ಜಿಡ್ಡಿನ ಪೊರೆಗೆ ಒಗ್ಗಿದ್ದು. ನೀರಿನಲ್ಲಿ ಅದು ಕರಗದು. ಆದ್ದರಿಂದ ಸಾಮಾನ್ಯವಾಗಿ ಪೊರೆಯ ಹೊರಗೆ ಚಾಚಿಕೊಂಡಿರುವ ಭಾಗದ ಜೀನನ್ನಷ್ಟೇ ಆರಿಸಿ ತೆಗೆಯುತ್ತಾರೆ. ಅದನ್ನು ಬೇರೊಂದು ಜೀವಕೋಶದೊಳಗೆ ಸೇರಿಸುತ್ತಾರೆ. ಬ್ಯಾಕ್ಟೀರಿಯ ಬೇಗ ಬೆಳೆಯುತ್ತದೆ, ಖರ್ಚು ಕಡಿಮೆ. ಆದರೆ ಪ್ರೋಟೀನು ಸಾಲಾಗಿ ಪೋಣಿಸಿದ ಮಣಿಸರ ಮಾತ್ರವಲ್ಲ; ಆ ಸರ ಸರಿಯಾಗಿ ಮಡಚಿಕೊಳ್ಳಬೇಕು, ಮಡಿಕೆಗಳ ನಡುವೆ ಗಂಧಕದ ಬೆಸುಗೆಗಳು ಬೀಳಬೇಕು, ಕೆಲವು ಕಡೆ ಸಕ್ಕರೆಯ ಎಳೆಗಳು ಅಂಟಿಕೊಳ್ಳಬೇಕು. ಸಾಮಾನ್ಯ ಬ್ಯಾಕ್ಟೀರಿಯಕ್ಕೆ ಆ ಸಕ್ಕರೆಯ ಕೆಲಸ ತಿಳಿಯದು. ಆಗ ಕೀಟದ ಕೋಶ, ಮನುಷ್ಯನ ಮೂತ್ರಪಿಂಡದಿಂದ ಬಂದ ಕೋಶಪೀಳಿಗೆ, ಇಲ್ಲವೆ ಚೀನಾದ ಹ್ಯಾಮ್‌ಸ್ಟರ್ ಎಂಬ ಪ್ರಾಣಿಯ ಅಂಡಾಶಯದ ಕೋಶಗಳನ್ನು ಬಳಸುತ್ತಾರೆ. ಪರರ ಮನೆಯಲ್ಲಿ ಹುಟ್ಟಿದರೂ ಆ ಪ್ರೋಟೀನಿನ ಜಾತಿ ಇಲಿಯದೇ. ಆದರೆ ಅದು ತನ್ನ ಸರಿಯಾದ ಆಕಾರ ಪಡೆಯಬೇಕಾದರೆ ಆ ಮನೆಯಲ್ಲಿ ತಕ್ಕ ಅನುಕೂಲವಿರಬೇಕು. ಹೊರನಾಡಿನ ಕನ್ನಡ ಶಾಲೆಗಳನ್ನು ನಡೆಸಿದವರಿಗೆ ಈ ಮಾತು ಹೊಸದೆನಿಸದು.

ಪ್ರೋಟೀನಿನ ತುದಿಗೆ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಆರು ಮಣಿಗಳ ಬಾಲವೊಂದನ್ನು ಕಟ್ಟಿರುತ್ತಾರೆ. ಆ ಬಾಲಕ್ಕೆ ನಿಕ್ಕಲ್ ಲೋಹದ ಮೇಲೆ ಒಲವು. ಕೋಶಗಳ ರಸವನ್ನು ನಿಕ್ಕಲ್ ಇರುವ ಕೊಳವೆಯ ಮೂಲಕ ಹಾಯಿಸಿದಾಗ ಬೇರೆಲ್ಲ ಹರಿದುಹೋಗಿ, ಬಾಲವುಳ್ಳದ್ದು ಅಲ್ಲಿಯೇ ನಿಲ್ಲುತ್ತದೆ. ಅದನ್ನು ಬಿಡಿಸಿ, ಶುದ್ಧತೆ ಪರೀಕ್ಷಿಸಿ, ಹಲವು ಬಾರಿ ತಣ್ಣಗೆ ಒಣಗಿಸಿ ಸೀಸೆಗೆ ತುಂಬುತ್ತಾರೆ. ಸೀಸೆಯಲ್ಲಿರುವುದು ಕೆಲವೊಮ್ಮೆ ಕೇವಲ 10 ಮೈಕ್ರೋಗ್ರಾಂ. ಒಂದು ಜೋಳದ ಕಾಳು ಸುಮಾರು 30 ಮಿಲಿಗ್ರಾಂ ತೂಗುತ್ತದೆಂದು ಇಟ್ಟುಕೊಂಡು ಅದನ್ನು 3000 ಪಾಲು ಮಾಡಿದರೆ ಒಂದು ಪಾಲು ಅಷ್ಟಾಗುತ್ತದೆ. ಸೀಸೆಯ ಬುಡದಲ್ಲಿ ಅದು ಕಣ್ಣಿಗೂ ಕಾಣಿಸದಿರಬಹುದು. ಅಷ್ಟರಲ್ಲಿಯೇ ಎಷ್ಟೋ ಪರೀಕ್ಷೆಗಳು ನಡೆಯುತ್ತವೆ: ಈ ಗ್ರಾಹಿಗೆ ಯಾವ ಸಂದೇಶ ಅಂಟುತ್ತದೆ, ಎಷ್ಟು ಬಿಗಿಯಾಗಿ ಅಂಟುತ್ತದೆ, ಹೊಸ ಔಷಧ ಅದನ್ನು ಮುಚ್ಚಬಲ್ಲುದೇ ಎಂದು.

ಅಂಥ ಸೀಸೆಗಳ ಜೊತೆಗಿನ ಪತ್ರದಲ್ಲಿ ಎಂಡೋಟಾಕ್ಸಿನ್ ಎಷ್ಟಿದೆ ಎಂಬ ಲೆಕ್ಕವನ್ನೂ ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಅದು ಕೆಲವು ಬ್ಯಾಕ್ಟೀರಿಯಗಳ ಹೊರಕವಚದ ವಿಷ. ಅದರ ಸುಳಿವು ಸಿಕ್ಕೊಡನೆ ದೇಹದ ರಕ್ಷಣಾಕೋಶಗಳು ಗದ್ದಲವೆಬ್ಬಿಸುತ್ತವೆ, ಪರೀಕ್ಷೆ ಕೆಡುತ್ತದೆ. ಆ ವಿಷವನ್ನು ಗುರುತಿಸುವ ಗ್ರಾಹಿ ಯಾವುದೆಂದು ತಿಳಿದದ್ದೂ ಇಲಿಯಿಂದಲೇ. ಆ ವಿಷಕ್ಕೆ ಸ್ಪಂದಿಸದ ಇಲಿಯ ತಳಿಯೊಂದಿತ್ತು. 1998ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ ಕಾರಣ ಕಂಡುಹಿಡಿಯಿತು: ಟಿಎಲ್‌ಆರ್4 ಎಂಬ ಗ್ರಾಹಿಯಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು. ಕಾಗುಣಿತದಲ್ಲಿ ಒಂದಕ್ಷರ ತಪ್ಪಿದಂತೆ. 2011ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೆ ಪಾಲು ದೊರೆಯಿತು.

ಇದೇ ಟಿಎಲ್‌ಆರ್4 ಹೋಲಿಕೆಗೂ ಗುರುತಿಗೂ ಇರುವ ಅಂತರವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬುದು ಸ್ತನ ಕ್ಯಾನ್ಸರಿಗೆ ಕೊಡುವ ಔಷಧಗಳಲ್ಲೊಂದು. ಇಲಿಯ ರಕ್ಷಣಾಕೋಶಕ್ಕೆ ಅದನ್ನು ತಗಲಿಸಿದರೆ, ಅಲ್ಲಿಯ ಟಿಎಲ್‌ಆರ್4 ಮತ್ತು ಅದರ ಜೊತೆಗಾರ ಪ್ರೋಟೀನು ಅದನ್ನು ಬ್ಯಾಕ್ಟೀರಿಯದ ವಿಷವೆಂದೇ ಭಾವಿಸಿ ಕೂಗೆಬ್ಬಿಸುತ್ತವೆ. ಮನುಷ್ಯನ ಕೋಶದಲ್ಲಿ ಅದೇ ಹೆಸರಿನ ಗ್ರಾಹಿ ಅದೇ ವಸ್ತುವಿಗೆ ಸುಮ್ಮನಿರುತ್ತದೆ. ಶಬ್ದ ಒಂದೇ, ಒಂದು ಮನೆಯಲ್ಲಿ ಅದು ದಂಡನೆ, ಇನ್ನೊಂದರಲ್ಲಿ ಅಲ್ಲ.

ಇಲಿಯ ಜೀನುಗಳ ಕರಡು ನಕ್ಷೆ 2002ರಲ್ಲಿ ಪ್ರಕಟವಾದಾಗ, ಮನುಷ್ಯನಲ್ಲಿ ಯಾವ ಸಂಬಂಧಿಯೂ ಇಲ್ಲದ ಇಲಿಯ ಜೀನುಗಳು ನೂರಕ್ಕೆ ಒಂದಕ್ಕಿಂತ ಕಡಿಮೆಯೆಂದು ತಿಳಿಯಿತು. ಎರಡು ವಂಶಗಳು ಬೇರೆಯಾಗಿ ಸುಮಾರು ಏಳೂವರೆ ಕೋಟಿ ವರ್ಷಗಳಾದವೆಂಬುದು ಆಗಿನ ಅಂದಾಜು. ಅಷ್ಟು ಹತ್ತಿರದ ನೆಂಟಸ್ತಿಕೆಯಿದ್ದರೂ ಒಂದೊಂದು ಬಾಗಿಲಿನ ಚಿಲಕ ಬೇರೆ. ಎಚ್‌ಇಆರ್2 ಬಾಗಿಲಿನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಕೆಲವು ಸ್ತನ ಕ್ಯಾನ್ಸರುಗಳಲ್ಲಿ ಈ ಗ್ರಾಹಿಯ ಜೀನು ಮಿತಿಮೀರಿ ಹೆಚ್ಚಿರುತ್ತದೆ, ಅಂಥ ರೋಗ ಹೆಚ್ಚು ಉಗ್ರವಾಗಿರುತ್ತದೆ ಎಂದು 1987ರಲ್ಲಿ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು ತೋರಿಸಿದರು. ಆ ಗ್ರಾಹಿಯನ್ನು ಹಿಡಿಯುವ ಪ್ರತಿಕಾಯವನ್ನು ಮೊದಲು ಇಲಿಯಿಂದ ಪಡೆದರು. ಆದರೆ ಇಲಿಯ ಪ್ರತಿಕಾಯವನ್ನು ಮನುಷ್ಯನ ರಕ್ತಕ್ಕೆ ಮತ್ತೆ ಮತ್ತೆ ಕೊಟ್ಟರೆ ದೇಹ ಅದನ್ನು ಪರಕೀಯವೆಂದು ಗುರುತಿಸಿ ಹೊರದೂಡುತ್ತದೆ. ಆದಕಾರಣ ಗ್ರಾಹಿಯನ್ನು ಹಿಡಿಯುವ ತುದಿಯನ್ನು ಮಾತ್ರ ಇಲಿಯದಾಗಿ ಉಳಿಸಿ, ಉಳಿದ ಮೈಯನ್ನು ಮನುಷ್ಯನದಾಗಿ ಮಾರ್ಪಡಿಸಿದರು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಅದೇ. ಅದು ಮನುಷ್ಯನ ಎಚ್‌ಇಆರ್2ಕ್ಕೆ ಬಿಗಿಯಾಗಿ ಅಂಟುತ್ತದೆ, ಇಲಿಯ ಸಹಜ ಗ್ರಾಹಿಗೆ ಅಂಟುವುದಿಲ್ಲ. ಇಲಿಯಲ್ಲಿ ಅದನ್ನು ಪರೀಕ್ಷಿಸಬೇಕಾದರೆ ಮನುಷ್ಯನ ಗ್ರಾಹಿಯುಳ್ಳ ಗಡ್ಡೆಯನ್ನೇ ಇಲಿಯ ಮೈಯಲ್ಲಿ ಬೆಳೆಸಬೇಕು.

ಇಂಥ ಔಷಧಗಳ ಹೆಸರಿನ ಬಾಲದಲ್ಲಿಯೇ ಅವುಗಳ ಕುಲ ಬರೆದಿರುತ್ತಿತ್ತು. 'ಒಮ್ಯಾಬ್' ಎಂದರೆ ಪೂರಾ ಇಲಿಯದು, 'ಕ್ಸಿಮ್ಯಾಬ್' ಎಂದರೆ ಬೆರಕೆ, 'ಜುಮ್ಯಾಬ್' ಎಂದರೆ ಬಹುಪಾಲು ಮನುಷ್ಯನದಾಗಿ ಮಾರ್ಪಟ್ಟದ್ದು, 'ಉಮ್ಯಾಬ್' ಎಂದರೆ ಪೂರಾ ಮನುಷ್ಯನದು. 2017ರಲ್ಲಿ ಹೊಸ ಔಷಧಗಳಿಗೆ ಈ ಕ್ರಮವನ್ನು ಕೈಬಿಟ್ಟರು; ಹಳೆಯ ಹೆಸರುಗಳು ಹಾಗೆಯೇ ಉಳಿದಿವೆ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮ್ಯಾಬ್‌ನ ತನ್ನ ರೂಪವನ್ನು ಭಾರತದಲ್ಲಿ ಕಡಿಮೆ ಬೆಲೆಗೆ ತಂದಿತು. ಮೂಲ ಔಷಧದ ಕಂಪನಿಯಾದ ರೋಶ್ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಹೊಸ ಔಷಧವನ್ನು ಮೂಲಕ್ಕೆ ಸದೃಶವೆಂದು ಕರೆಯಬಹುದೇ, ಅದರ ಜೊತೆಗಿಡುವ ಮಾಹಿತಿಪತ್ರದಲ್ಲಿ ಏನು ಬರೆಯಬಹುದು ಎಂಬುದು ಅಲ್ಲಿಯ ವಾದದ ಮುಖ್ಯ ಭಾಗವಾಗಿತ್ತು. ಜೀವಕೋಶಗಳಲ್ಲಿ ತಯಾರಾದ ಪ್ರೋಟೀನು ಮಾತ್ರೆಯಂತೆ ಅಚ್ಚು ಒತ್ತಿದ್ದಲ್ಲ. ಎರಡು ಕಾರ್ಖಾನೆಗಳ ಪ್ರೋಟೀನುಗಳು ಅತ್ಯಂತ ಹತ್ತಿರವಾಗಿರಬಹುದು, ಕೂದಲೆಳೆಯಷ್ಟೂ ಬೇರೆಯಿಲ್ಲವೆಂದು ಹೇಳಲಾಗದು. ಭಾರತದ 2012ರ ಮಾರ್ಗಸೂಚಿ ಇಂಥವನ್ನು 'ಸದೃಶ ಜೈವಿಕ'ಗಳೆಂದು ಕರೆದದ್ದು ವಿವೇಕದ ಮಾತು. 2017ರ ಡಿಸೆಂಬರಿನಲ್ಲಿ ಬಯೋಕಾನ್ ಮತ್ತು ಮೈಲಾನ್ ಕೂಡಿ ಸಿದ್ಧಪಡಿಸಿದ ಅದೇ ಔಷಧಕ್ಕೆ ಅಮೆರಿಕವೂ ಒಪ್ಪಿಗೆ ಕೊಟ್ಟಿತು. ಸಾದೃಶ್ಯವನ್ನು ಬಾಯಿಮಾತಿನಲ್ಲಿ ಒಪ್ಪದೆ, ಒಂದೊಂದಾಗಿ ಪರೀಕ್ಷಿಸಿ ಒಪ್ಪಿದ್ದರಿಂದ ರೋಗಿಗೆ ನಂಬಿಕೆಯೂ ಉಳಿಯಿತು, ಹಣವೂ ಉಳಿಯಿತು.

ಪರೀಕ್ಷೆ ಮಾಡಿಯೂ ಅಪಾಯ ತಪ್ಪದ ಸಂದರ್ಭವಿದೆ. 2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿ ಆರು ಮಂದಿ ಆರೋಗ್ಯವಂತ ಯುವಕರಿಗೆ ಟಿಜಿಎನ್1412 ಎಂಬ ಪ್ರತಿಕಾಯವನ್ನು ಕೊಡಲಾಯಿತು. ಅದು ರಕ್ಷಣಾಕೋಶಗಳ ಸಿಡಿ28 ಎಂಬ ಗ್ರಾಹಿಯನ್ನು ಎಚ್ಚರಿಸುವಂಥದು. ಮಂಗಗಳಿಗೆ ಅಪಾಯವಿಲ್ಲವೆಂದು ಕಂಡ ಪ್ರಮಾಣದ ಐನೂರನೆಯ ಒಂದು ಪಾಲನ್ನಷ್ಟೇ ಕೊಟ್ಟಿದ್ದರು. ಕೆಲವೇ ಗಂಟೆಗಳಲ್ಲಿ ಆರು ಮಂದಿಯೂ ಸಾವಿನ ಅಂಚಿಗೆ ಬಂದರು. ಜೀವ ಉಳಿಯಿತಾದರೂ ಒಬ್ಬನ ಕೈಕಾಲುಗಳ ಬೆರಳುಗಳು ಹೋದವು. ಆಮೇಲೆ ತಿಳಿದುಬಂದ ಸಂಗತಿಯೆಂದರೆ, ಮಂಗದ ಸಿಡಿ28 ಗ್ರಾಹಿಯ ಹೊರಭಾಗ ಮನುಷ್ಯನದರಂತೆಯೇ ಇತ್ತು. ಆದರೆ ಮನುಷ್ಯನಲ್ಲಿ ಆ ಗ್ರಾಹಿಯಿರುವ ಒಂದು ಬಗೆಯ ರಕ್ಷಣಾಕೋಶದ ಮೇಲೆ ಮಂಗದಲ್ಲಿ ಅದು ಇರಲಿಲ್ಲ. ಬಾಗಿಲು ಒಂದೇ ಬಗೆಯದು. ಯಾವ ಗೋಡೆಯಲ್ಲಿ ಬಾಗಿಲಿದೆ ಎಂಬುದು ಬೇರೆ. ಈ ಘಟನೆಯ ನಂತರ ಹೊಸ ಔಷಧವನ್ನು ಮನುಷ್ಯನಿಗೆ ಮೊದಲ ಬಾರಿ ಕೊಡುವ ನಿಯಮಗಳು ಬಿಗಿಯಾದವು.

ಕೊರೋನಾ ಕಾಲದಲ್ಲಿಯೂ ಇದೇ ಪ್ರಶ್ನೆ ಎದುರಾಯಿತು. ವೈರಾಣು ಒಳನುಗ್ಗುತ್ತಿದ್ದುದು ಎಸಿಇ2 ಎಂಬ ಗ್ರಾಹಿಯ ಮೂಲಕ. 2020ರ ಮೂಲ ವೈರಾಣುವಿಗೆ ಇಲಿಯ ಎಸಿಇ2 ಸರಿಹೊಂದುತ್ತಿರಲಿಲ್ಲವಾದ್ದರಿಂದ ಸಾಮಾನ್ಯ ಇಲಿಗಳಿಗೆ ಆ ರೋಗ ಬರಲಿಲ್ಲ. ಮನುಷ್ಯನ ಗ್ರಾಹಿಯನ್ನು ಸೇರಿಸಿದ ವಿಶೇಷ ತಳಿಯನ್ನೇ ಸಂಶೋಧಕರು ಹುಡುಕಬೇಕಾಯಿತು. ಮುಂದೆ ವೈರಾಣುವಿನ ಮುಳ್ಳಿನಲ್ಲಿ ಕೆಲವು ಬದಲಾವಣೆಗಳಾದ ಮೇಲೆ, ಬಂದ ಕೆಲವು ರೂಪಾಂತರಿಗಳು ಸಾಮಾನ್ಯ ಇಲಿಯೊಳಗೂ ಹೋಗಬಲ್ಲವಾದವು. ಗಡಿ ಎಂದೆಂದಿಗೂ ಒಂದೇ ಕಡೆ ನಿಲ್ಲುವುದಿಲ್ಲ ಎಂಬುದಕ್ಕೂ ಇದು ನಿದರ್ಶನ.

ಹೀಗೆಂದು ಇಲಿಯ ಮೇಲಿನ ಶೋಧನೆ ವ್ಯರ್ಥವೆನ್ನಲಾಗದು. ಇಲಿಯ ಗ್ರಾಹಿಯನ್ನು ಇಲಿಯ ಗ್ರಾಹಿಯೆಂದೇ ತಿಳಿದು ಓದಿದಾಗ ಮನುಷ್ಯನ ಗ್ರಾಹಿಯ ದಾರಿ ತೆರೆಯಿತು. ಕ್ಯಾನ್ಸರಿನ ವಿರುದ್ಧ ದೇಹದ ರಕ್ಷಣೆಯನ್ನೇ ಬಿಚ್ಚಿಬಿಡುವ ಚಿಕಿತ್ಸೆಗೆ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ದೊರೆಯಿತು. ಇಬ್ಬರ ಕೆಲಸಕ್ಕೂ ಇಲಿಯೇ ಆಧಾರ. ಆದರೆ ಇಲಿಗೆ ಕೊಟ್ಟ ಪ್ರತಿಕಾಯವನ್ನು ಅವರು ಮನುಷ್ಯನಿಗೆ ಕೊಡಲಿಲ್ಲ. ಮನುಷ್ಯನ ಗ್ರಾಹಿಗೆ ತಕ್ಕ ಪ್ರತಿಕಾಯಗಳು ಬೇರೆಯೇ ತಯಾರಾದವು.

ಇಲಿಯ ಜೀವದ ಲೆಕ್ಕವನ್ನೂ ಮರೆಯಬಾರದು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯಿದೆ, ಸಾಧ್ಯವಿರುವೆಡೆಯಲ್ಲೆಲ್ಲ ಪ್ರಾಣಿಗಳ ಮೇಲಿನ ಪ್ರಯೋಗವನ್ನು ತಪ್ಪಿಸಬೇಕೆನ್ನುತ್ತದೆ. ಅದಕ್ಕಾಗಿ ಮೇಲ್ವಿಚಾರಣಾ ಸಮಿತಿಯಿದೆ. ಸಂವಿಧಾನದ 51ಎ ಅನುಚ್ಛೇದ ಜೀವಿಗಳಲ್ಲಿ ದಯೆ ಮತ್ತು ವೈಜ್ಞಾನಿಕ ಮನೋಭಾವ ಎರಡನ್ನೂ ನಾಗರಿಕನ ಕರ್ತವ್ಯಗಳ ಪಟ್ಟಿಯಲ್ಲಿ ಒಂದರ ಪಕ್ಕ ಒಂದು ಇಟ್ಟಿದೆ. 2023ರಲ್ಲಿ ಭಾರತದ ಔಷಧ ಪರೀಕ್ಷಾ ನಿಯಮಗಳು ಪ್ರಾಣಿಯಿಲ್ಲದ ಪರೀಕ್ಷಾ ವಿಧಾನಗಳಿಗೂ ಅವಕಾಶ ಮಾಡಿಕೊಟ್ಟವು. ಮರುಸಂಯೋಜಿತ ಗ್ರಾಹಿಯ ಸೀಸೆ ಈ ಎರಡು ಕರ್ತವ್ಯಗಳ ನಡುವಿನ ಒಂದು ಸೇತುವೆ. ಒಮ್ಮೆ ತೆಗೆದ ಜೀನಿನಿಂದ ಮತ್ತೆ ಮತ್ತೆ ಪ್ರೋಟೀನು ಮಾಡಬಹುದು. ಮೊದಲ ಸುತ್ತಿನ ಎಷ್ಟೋ ಪ್ರಶ್ನೆಗಳಿಗೆ ಸೀಸೆಯೇ ಉತ್ತರ ಕೊಡುವುದರಿಂದ ಅಷ್ಟು ಇಲಿಗಳ ಜೀವ ಉಳಿಯುತ್ತದೆ.

ಇನ್ನು ಉಳಿದದ್ದು ಮನೆಯ ಮಾತು. 'ಸಕ್ಕರೆ ಕಾಯಿಲೆಗೆ ಹೊಸ ಮದ್ದು', 'ಕ್ಯಾನ್ಸರ್ ಗುಣಪಡಿಸುವ ಶೋಧ' ಎಂಬ ತಲೆಬರಹಗಳು ವಾರಕ್ಕೊಂದು ಕಾಣುತ್ತವೆ. ಮನೆಯಲ್ಲಿ ರೋಗಿಯಿದ್ದರೆ ಆ ಸುದ್ದಿ ಸುದ್ದಿಯಾಗಿ ಉಳಿಯದು, ಆಸೆಯಾಗುತ್ತದೆ. ಆ ಆಸೆಯ ಬೆನ್ನು ಹತ್ತಿ ನಡೆಯುತ್ತಿರುವ ಚಿಕಿತ್ಸೆಯನ್ನು ಬಿಟ್ಟವರುಂಟು, ಬಂಗಾರ ಅಡವಿಟ್ಟು ಪುಡಿ ಕೊಂಡವರುಂಟು. ಅಂಥ ಹೊತ್ತಿನಲ್ಲಿ ಮಗನೋ ಮೊಮ್ಮಗಳೋ ಪತ್ರಿಕೆ ಹಿಡಿದು ಮೂರು ಪ್ರಶ್ನೆ ಕೇಳಿದರೆ ಸಾಕು. ಇದು ನಡೆದದ್ದು ಸೀಸೆಯಲ್ಲೋ, ಇಲಿಯಲ್ಲೋ, ಮನುಷ್ಯನಲ್ಲೋ? ಔಷಧ ಹಿಡಿಯುವ ಗ್ರಾಹಿ ಯಾರದು? ಆ ಗ್ರಾಹಿ ಈ ರೋಗಿಯ ವರದಿಯಲ್ಲಿ 'ಇದೆ' ಎಂದಿದೆಯೇ, 'ಇಲ್ಲ' ಎಂದಿದೆಯೇ? ಮೊದಲನೆಯದಕ್ಕೆ ಉತ್ತರ ಸುದ್ದಿಯಲ್ಲಿಯೇ ಮೂರನೆಯ ನಾಲ್ಕನೆಯ ಸಾಲಿನಲ್ಲಿ ಇರುತ್ತದೆ. ಉಳಿದೆರಡನ್ನು ವೈದ್ಯರ ಮುಂದೆ ಇಡಬಹುದು. 'ಡಾಕ್ಟರ್‌ ಸಾಹೇಬರ, ಈ ಎಚ್‌ಇಆರ್2 ಮುಂದ ಬರೆದದ್ದು ಏನ್ರೀ?' ಎಂದು ಕೇಳಿದವರಿಗೆ ಬಹುಪಾಲು ವೈದ್ಯರು ಎರಡು ನಿಮಿಷ ಹೆಚ್ಚೇ ಕೊಡುತ್ತಾರೆ.

ಈ ಪ್ರಶ್ನೆಗಳನ್ನು ಕೇಳಲು ಇಂಗ್ಲಿಷ್ ಬೇಕಾಗಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ವಿಜ್ಞಾನದಲ್ಲಿ ಹಿಂದೆ ಬೀಳುತ್ತದೆಂಬ ಅಂಜಿಕೆಯಿಂದ ಎಷ್ಟೋ ತಂದೆತಾಯಿಗಳು ಗಡಿಯ ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸುತ್ತಾರೆ. ಮುಂದಿನ ಓದಿಗೆ ಇಂಗ್ಲಿಷ್ ಬೇಕೆಂಬುದು ನಿಜ. ಸೀಸೆಯ ಚೀಟಿಯೂ ಇಂಗ್ಲಿಷಿನಲ್ಲಿಯೇ ಇರುತ್ತದೆ. ಆದರೆ ಗ್ರಾಹಿ, ಪೊರೆ, ಸಂದೇಶ, ಪ್ರತಿಕಾಯ ಎಂಬ ಮಾತುಗಳಿಂದ ಈ ವಿಷಯದ ತಿರುಳನ್ನು ಹಿಡಿಯಬಹುದು. ಹಾಗೆ ಹಿಡಿದದ್ದನ್ನು ಮಗು ಮನೆಗೆ ಬಂದು ಅವ್ವನಿಗೆ, ಮುತ್ತ್ಯಾನಿಗೆ ತಿಳಿಸಿ ಹೇಳಬಲ್ಲದು. ಪರಭಾಷೆಯಲ್ಲಿ ಉರುಹೊಡೆದದ್ದಕ್ಕೆ ಆ ಶಕ್ತಿ ಬರುವುದು ಕಷ್ಟ. ಕನ್ನಡದಲ್ಲಿ ಯೋಚಿಸುತ್ತ, ಮರಾಠಿಯಲ್ಲಿ ವ್ಯವಹರಿಸುತ್ತ, ಹಿಂದಿಯಲ್ಲಿ ಹಾಡು ಕೇಳುತ್ತ ಬೆಳೆದ ಮಗುವಿಗೆ ಇನ್ನೊಂದು ಲಾಭವೂ ಇದೆ: ಒಂದೇ ರೂಪದ ಎರಡು ಶಬ್ದಗಳು ಎದುರಾದಾಗ 'ಇದು ಯಾರ ಮಾತು?' ಎಂದು ಮೊದಲು ವಿಚಾರಿಸುವುದು ಅದಕ್ಕೆ ಅಭ್ಯಾಸವಾಗಿಬಿಟ್ಟಿರುತ್ತದೆ. ಪ್ರಯೋಗಾಲಯದಲ್ಲಿ ಸೀಸೆಯನ್ನು ಕೈಗೆತ್ತಿಕೊಂಡ ಸಂಶೋಧಕನೂ ಮೊದಲು ನೋಡುವುದು ಚೀಟಿಯ ಮೇಲೆ ಇಲಿ ಎಂದಿದೆಯೋ ಮನುಷ್ಯ ಎಂದಿದೆಯೋ ಎಂಬುದನ್ನೇ.